ಪುಟ್ಟಬಸವನ ಪಾಲು

ನಮ್ಮೂರಿಗೆ ಸೊಸೆಯಾಗಿ ಬಂದವರು ಮೊದಲ ವರ್ಷ ತಬ್ಬಿಬ್ಬಾಗುತ್ತಾರೆ. ಎದುರು ಮನೆಯ ಕೂಸಿಗೆ ನೆಗಡಿಯಾದರೆ ತಮ್ಮ ಅತ್ತೆ ಕೆಮ್ಮುತ್ತಾಳೆ, ಯಾರದೋ ಹಲ್ಲುನೋವಿಗೆ ಬೀದಿಯ ಗಂಡಸರೆಲ್ಲ ಕೆನ್ನೆಗೆ ಕೈ ಕೊಟ್ಟು ಕೂರುತ್ತಾರೆ, ಒಳಗೆ ಹೆಂಡತಿ ಹೆರುತ್ತಿದ್ದರೆ ಹೊರಗೆ ಗಂಡ ಜಗುಲಿಯ ಕಂಬ ತಬ್ಬಿಕೊಂಡು ನರಳುತ್ತಾನೆ. ವರ್ಷ ತುಂಬುವುದರೊಳಗೆ ಆ ಸೊಸೆಯೇ ಅತ್ತೆಯ ಮಂಡಿನೋವಿನಲ್ಲಿ ತನಗೆಷ್ಟು ಅಂತ ಚೌಕಾಸಿಗೆ ನಿಂತಿರುತ್ತಾಳೆ. ನೋವು ಹಂಚಿಕೊಳ್ಳುವುದು ನಮ್ಮಲ್ಲಿ ಪಕ್ಕದ ಮನೆಗೆ ಒಂದು ಬಟ್ಟಲು ಸಾರು ಕೊಟ್ಟಷ್ಟೇ ಮಾಮೂಲು. ಬೇರೆ ಊರುಗಳಲ್ಲಿ ಒಂದು ಪೂರ್ತಿ ಜ್ವರವನ್ನು ಒಬ್ಬರೇ ಹೇಗೆ ಅನುಭವಿಸುತ್ತಾರೋ ನನಗೆ ಗೊತ್ತಿಲ್ಲ, ಪಾಪ.

ಪಾಲು ಮಾಡುವ ಕೆಲಸ ತಿಪ್ಪಮ್ಮಜ್ಜಿಯದು. ಕಾಯಿಲೆಯವರು ಬೆಲ್ಲದ ಅಚ್ಚೊಂದನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡು ಕೂರಬೇಕು. ಮೈಬಿಸಿಗೆ ಬೆಲ್ಲ ಬೆವರಿದಾಗ ಅಜ್ಜಿ ಅದನ್ನು ಇಸಿದುಕೊಂಡು ಕುಟ್ಟಿ ಒಡೆಯುತ್ತಾಳೆ. ತಿಂದವರಿಗೆ ತಿಂದಷ್ಟು ನೋವು, ಹೊತ್ತಷ್ಟೂ ಸವೆಯುತ್ತದೆ. ಆದರೆ ಮೊದಲ ಚೂರು ನೋವಿನವರ ಬಾಯಿಗೇ ಹೋಗಬೇಕು. ಅದಕ್ಕೆ ಒಡೆಯನ ಪಾಲು ಅನ್ನುತ್ತೇವೆ. ಯಾಕೆ ಅಂತ ಯಾರೂ ಕೇಳಿದವರಿಲ್ಲ. ಕುರು ಎದ್ದ ಎಳೆಯ ಮಗು ರಚ್ಚೆ ಹಿಡಿದು ಅಳುತ್ತಿದ್ದರೂ ಅಜ್ಜಿ ಅದರ ದವಡೆ ಅದುಮಿ ಸಾಸಿವೆಯಷ್ಟಾದರೂ ಒಳಗೆ ತಳ್ಳಿಯೇ ಮಿಕ್ಕವರಿಗೆ ಕೈ ಚಾಚಲು ಬಿಡುತ್ತಿದ್ದಳು.

ನಾನು ನೀಲಾಂಬಿಕೆ. ಊರಿನವರಿಗೆ ಗಿರಣಿ ನೀಲಕ್ಕ. ಬಸ್ಸು ನಿಲ್ಲುವ ಜಾಗದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಜೀವನವೆಲ್ಲ ಆ ಸದ್ದಿನಲ್ಲಿ ಕಳೆದದ್ದರಿಂದ ಗಂಟಲು ದೊಡ್ಡದಾಗಿದೆ. ಜನ ಅದನ್ನು ಸಿಟ್ಟು ಅಂದುಕೊಂಡಿದ್ದಾರೆ, ನಾನೂ ಅಲ್ಲ ಅನ್ನಲು ಹೋಗಿಲ್ಲ. ಹಾಗೆ ಅಂದುಕೊಂಡರೆ ಸಾಲಿನಲ್ಲಿ ನೆಟ್ಟಗೆ ನಿಲ್ಲುತ್ತಾರೆ. ನನ್ನ ತಮ್ಮ ಪುಟ್ಟಬಸವನಿಗೆ, ನನ್ನ ಬಾಯಲ್ಲಿ ಬಸುವಿಗೆ, ಮೀಸೆ ಮೂಡುವ ಮೊದಲೇ ಅಪ್ಪ ಅವ್ವ ಇಬ್ಬರೂ ಹೋದರು. ಅವನನ್ನು ಬೆಳೆಸಿದವಳು ನಾನು. ಅವನ ಬಾಯಿಗೆ ಮೊದಲ ಬಾರಿ ನಾಟಕದ ಮಾತು ಹಾಕಿದವರು ಶಾಲೆಯ ಹಾಲಪ್ಪ ಮೇಷ್ಟ್ರು. ಅಲ್ಲಿಂದ ನಾಟಕ ಕಂಪನಿ, ಕಂಪನಿಯಿಂದ ಪಟ್ಟಣ, ಪಟ್ಟಣದಿಂದ ಟೀವಿ.

ಟೀವಿಯಲ್ಲಿ ಅವನು ವಾಸಣ್ಣನಾದ. ಸಂಜೆ ಏಳೂವರೆಗೆ ಬರುತ್ತಿದ್ದ ಆ ಧಾರಾವಾಹಿಗೆ ಏನೋ ಉದ್ದದ ಹೆಸರಿತ್ತು, ನಮ್ಮೂರಲ್ಲಿ ಅದನ್ನು ಏಳೂವರೆ ಅಂತಲೇ ಕರೆಯುತ್ತಿದ್ದರು. ವಾಸಣ್ಣ ಅಂದರೆ ದೊಡ್ಡ ಮನೆಯ ಹಿರಿಯ ಮಗ. ತಮ್ಮಂದಿರ ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಳ್ಳುವವನು, ತಂಗಿಯರ ಕಣ್ಣೀರು ಒರೆಸುವವನು, ಸುಳ್ಳಾಡದವನು. ದಿನದ ಕಂತು ಮುಗಿಯುವಾಗ ಒಂದು ಲೋಟ ಹಾಲು ಕುಡಿದು ನಿಟ್ಟುಸಿರು ಬಿಡುವವನು. ಆ ಹೊತ್ತಿಗೆ ನಾನು ಗಿರಣಿಯ ಬೆಲ್ಟು ಬಿಚ್ಚುತ್ತಿದ್ದೆ. ತಿಪ್ಪಮ್ಮಜ್ಜಿ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಟೀವಿ ಮುಂದೆ ಕೂರುತ್ತಿದ್ದಳು. ವಾಸಣ್ಣ ತನ್ನನ್ನೂ ನೋಡುತ್ತಾನೆ ಅನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಆ ಲೋಟದಲ್ಲಿ ಹಾಲಿರಲಿಲ್ಲ ಅನ್ನುವುದು ನಮಗೆ ಬಹಳ ತಡವಾಗಿ ತಿಳಿಯಿತು. ಬ್ರಾಂದಿಗೆ ಹಾಲಿನ ಪುಡಿ ಕಲಸಿ ಕೊಡುತ್ತಿದ್ದರಂತೆ. ಮೊದಲು ರಾತ್ರಿ ಮಾತ್ರ, ಆಮೇಲೆ ಬೆಳಗಿನ ಚಿತ್ರೀಕರಣದ ಮೊದಲ ವಿರಾಮಕ್ಕೂ ಬೇಕಾಯಿತು, ಕೊನೆಕೊನೆಗೆ ಕಣ್ಣು ಬಿಟ್ಟ ತಕ್ಷಣ ಬೇಕಾಯಿತು. ಯಾಕೋ ಶುರು ಮಾಡಿದೆ ಅಂತ ಒಮ್ಮೆ ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟು: "ಅಂಗಡಿಗೆ ಹೋದ್ರೆ ಜನ ಕಾಲಿಗೆ ಬೀಳೋರು ಅಕ್ಕ. ವಾಸಣ್ಣಂಗೆ ಬೀಳೋರು. ಸಂಜೆ ಅವನ ಬಟ್ಟೆ ಬಿಚ್ಚಿಟ್ಟ ಮೇಲೆ ಪುಟ್ಟಬಸವಂಗೆ ಮಾಡೋಕೆ ಏನೂ ಕೆಲ್ಸಾನೇ ಇರ್ತಿರ್ಲಿಲ್ಲ."

ಸೆಟ್ಟಿನಲ್ಲಿ ಎಡವಿ ಬಿದ್ದ. ಮಾತು ಮರೆತ. ತಂಗಿಯ ಪಾತ್ರದ ಹುಡುಗಿಯ ಮದುವೆ ದೃಶ್ಯದಲ್ಲಿ ಮಂಟಪದ ಮೇಲೇ ವಾಂತಿ ಮಾಡಿಕೊಂಡ. ಧಾರಾವಾಹಿಯವರು ಎಷ್ಟು ದಿನ ಅಂತ ಸಹಿಸಿಯಾರು? ವಾಸಣ್ಣನ ಕಾರಿಗೆ ಅಪಘಾತ ಮಾಡಿಸಿ, ಮುಖಕ್ಕೆ ಆಪರೇಷನ್ ಮಾಡಿಸಿ, ಬ್ಯಾಂಡೇಜು ಬಿಚ್ಚಿದಾಗ ಬೇರೆ ಯಾರದೋ ಮುಖ ಇಟ್ಟರು. ಆ ದಿನ ನಮ್ಮೂರಿನಲ್ಲಿ ಒಂದೊಂದೇ ಟೀವಿ ಆರಿತು. ಮತ್ತೆ ಆ ಹೊತ್ತಿಗೆ ಯಾರೂ ಹಚ್ಚಲಿಲ್ಲ.

ಕೆಲವು ತಿಂಗಳ ಮೇಲೆ ಮೇಕಪ್ಪಿನ ಡೇವಿಡ್ ಅನ್ನುವ ಪುಣ್ಯಾತ್ಮ ಅವನನ್ನು ಕಾರಿನಲ್ಲಿ ತಂದು ಗಿರಣಿ ಮೆಟ್ಟಿಲ ಮೇಲೆ ಇಳಿಸಿದ. ಕೈಯಲ್ಲಿ ಎತ್ತಿ ಇಳಿಸಿದ ಅಂದರೇ ಸರಿ. ಕಣ್ಣು ಅರಿಸಿನದ ಬಣ್ಣ, ಹೊಟ್ಟೆ ಊದಿ ಕೈಕಾಲು ಕಡ್ಡಿಯಾಗಿದ್ದವು. ದೊಡ್ಡಾಸ್ಪತ್ರೆಯ ಡಾಕ್ಟರು ಕೊಟ್ಟ ಮಾತ್ರೆಗಳ ಜೊತೆಗೆ ಅವರು ಹೇಳಿದ ಮಾತನ್ನೂ ಡೇವಿಡ್ ನನಗೆ ಒಪ್ಪಿಸಿದ. "ಲಿವರು ಇನ್ನೂ ಪೂರ್ತಿ ಹೋಗಿಲ್ವಂತೆ. ಬಿಟ್ರೆ ಬದುಕ್ತಾರೆ. ಮತ್ತೆ ಶುರು ಮಾಡಿದ್ರೆ ಆಸ್ಪತ್ರೆಗೆ ಕರ್ಕೊಂಡ್ ಬರೋ ತೊಂದ್ರೆ ತಗೋಬೇಡಿ ಅಂದ್ರು ಅಕ್ಕೋರೆ." ಹೇಳಿ ಅವನೂ ಅತ್ತ, ನಾನೂ ಅತ್ತೆ. ಅವನ ಋಣ ನನ್ನ ಮೇಲಿದೆ.

ಬಸು ಕೋಣೆಯಲ್ಲಿ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಅಂತ ಕೂಗುತ್ತಿದ್ದ. ಇರುವೆ ಇರಲಿಲ್ಲ. ನೀರು ಕೊಟ್ಟರೆ ಲೋಟ ಹಲ್ಲಿಗೆ ಬಡಿದು ಟಕಟಕ ಅನ್ನುತ್ತಿತ್ತು. ನಾನು ತಿಪ್ಪಮ್ಮಜ್ಜಿಯ ಹತ್ತಿರ ಓಡಿದೆ. ಕುಡಿತದ ಚಟವನ್ನು ನಮ್ಮೂರಲ್ಲಿ ಹಿಂದೆಂದೂ ಪಾಲು ಮಾಡಿದ್ದಿಲ್ಲ. ತಾನಾಗಿ ತಂದುಕೊಂಡದ್ದನ್ನು ಊರು ಹೊರಬೇಕಾಗಿಲ್ಲ ಅಂತ ಹಿಂದೆ ಇದೇ ಅಜ್ಜಿ ಎಷ್ಟೋ ಹೆಂಗಸರನ್ನು ಬಾಗಿಲಿಂದಲೇ ಕಳಿಸಿದ್ದಳು. ನನ್ನನ್ನೂ ಕಳಿಸುತ್ತಾಳೆ ಅಂತ ಜಗಳಕ್ಕೆ ಸೆರಗು ಬಿಗಿದುಕೊಂಡೇ ಹೋಗಿದ್ದೆ. ಅವಳು ನನ್ನ ಮಾತು ಮುಗಿಯುವ ಮೊದಲೇ ಎದ್ದಳು. "ವಾಸಣ್ಣ ಎಷ್ಟು ಜನದ ಕಷ್ಟ ಹೊತ್ತಿಲ್ಲ? ದೊಡ್ಡಚ್ಚು ಬೆಲ್ಲ ತಗಂಬಾ."

ಸುದ್ದಿ ಹೇಗೆ ಹರಡಿತೋ, ನಾವು ಕೋಣೆಗೆ ಬರುವಷ್ಟರಲ್ಲಿ ಗಿರಣಿಯಿಂದ ಕೆರೆ ಏರಿಯವರೆಗೆ ಸಾಲು. ಜ್ವರವಾದರೆ ನಾಲ್ಕು ಜನ ಬರುತ್ತಾರೆ, ಮುರಿದ ಕಾಲಿಗೆ ಹತ್ತು ಜನ. ವಾಸಣ್ಣನಿಗೆ ಊರೇ ಬಂದಿತ್ತು, ಸ್ನಾನ ಮಾಡಿ, ಮಡಿಸಿಟ್ಟ ಸೀರೆ ಉಟ್ಟು. ಬಸುವಿನ ಎದೆಗೆ ಬೆಲ್ಲ ಒತ್ತಿ ಹಿಡಿದಿದ್ದವಳು ನಾನು, ಅವನ ಕೈಗೆ ಶಕ್ತಿ ಇರಲಿಲ್ಲ. ಅಜ್ಜಿ ಒಡೆದಳು. ಮೊದಲ ಚೂರಿಗೆ ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ.

"ಒಡೆಯನ ಪಾಲು, ಅಜ್ಜಿ," ಅಂದೆ.

"ಇಷ್ಟು ಜನ ಇದೀವಿ. ಆ ಕೂಸಿಗೆ ಮತ್ತೆ ಅದನ್ನೇ ತಿನ್ನಿಸ್ಬೇಕೇನೆ? ಅನುಭವಿಸಿದ್ದು ಸಾಲ್ದಾ?" ಅಂದಳು. ಸಾಲಿನವರೆಲ್ಲ ಹೌದು ಹೌದು ಅಂದರು. ನಾನು ಮತ್ತೊಮ್ಮೆ ಬಾಯಿ ತೆರೆದದ್ದಕ್ಕೆ, ಅಕ್ಕಂಗೇ ಕನಿಕರ ಇಲ್ವಲ್ಲ ಅಂತ ಯಾರೋ ಹಿಂದಿನಿಂದ ಮೂಗು ಮುರಿದರು. ಕೊನೆಗೆ ತಟ್ಟೆಯ ಪುಡಿಯನ್ನೂ ಬೆರಳಿಗೆ ಹತ್ತಿಸಿ ನೆಕ್ಕಿದರು. ನಾನೂ ನನ್ನ ಚೂರು ತಿಂದೆ. ಬಸು ಆಗಲೇ ನಿದ್ದೆ ಹೋಗಿದ್ದ. ಎಷ್ಟೋ ವರ್ಷಗಳ ನಿದ್ದೆ ಅದು.

ಚಟವನ್ನು ಹೊರುವುದು ಜ್ವರ ಹೊತ್ತ ಹಾಗಲ್ಲ ಅಂತ ಮರುದಿನವೇ ಗೊತ್ತಾಯಿತು. ಶಾಲೆಯ ಆಟದ ಗಂಟೆ ಹೊಡೆಯುವ ಹೊತ್ತಿಗೆ ನನ್ನ ನಾಲಿಗೆ ಒಣಗಿತು. ನೀರಿಗಲ್ಲ, ಮಜ್ಜಿಗೆಗಲ್ಲ. ಎಂದೂ ರುಚಿ ನೋಡದ ಯಾವುದೋ ಒಂದಕ್ಕೆ ಮೈಯ ಮೂಳೆಮೂಳೆಯೂ ಬಾಯಿ ತೆರೆದಿತ್ತು. ಕೈ ನಡುಗಿ ಯಾರದೋ ರಾಗಿ ನೆಲಕ್ಕೆ ಚೆಲ್ಲಿದೆ. ಆ ಯಾರದೋ ಕೈಯೂ ನಡುಗುತ್ತಿದ್ದದ್ದರಿಂದ ಅವರು ಬೈಯಲಿಲ್ಲ. ಸಂಜೆಯ ಹೊತ್ತಿಗೆ ಊರೇ ಹೊಂದಿಕೊಳ್ಳಲು ಶುರು ಮಾಡಿತ್ತು. ಹೋಟೆಲಿನವನು ಕಾಫಿಯನ್ನು ಅರ್ಧ ಲೋಟಕ್ಕೇ ನಿಲ್ಲಿಸಿ ಅದೇ ದರ ಇಟ್ಟ. ಕ್ಷೌರದಂಗಡಿ ಮುಚ್ಚಿತು, ಗಂಡಸರೆಲ್ಲ ಗಡ್ಡ ಬಿಟ್ಟರು. ಅಂಚೆಯ ಹುಡುಗಿ ಸೆರಗಿನ ತುದಿಯಲ್ಲಿ ಹುಣಸೆಹಣ್ಣು ಕಟ್ಟಿಕೊಂಡು ಚೀಪುತ್ತಾ ತಿರುಗುತ್ತಿದ್ದಳು. ಊರಿಗೆ ಇದ್ದದ್ದು ಒಂದೇ ಹೆಂಡದಂಗಡಿ, ಎರ್ರಿಸ್ವಾಮಿಯದು. ಅವನೂ ಒಂದು ಚೂರು ತಿಂದಿದ್ದ. "ಅದರ ಮಧ್ಯೆ ಕೂತ್ಕಂಡು ಇದನ್ನ ಹೊರೋದು ನನ್ ಕೈಲಾಗಲ್ಲ ನೀಲಕ್ಕ," ಅಂತ ಅಂಗಡಿಗೆ ಬೀಗ ಜಡಿದು ಅದರೆದುರಿಗೇ ಬಾಳೆಹಣ್ಣಿನ ಗಾಡಿ ಇಟ್ಟುಕೊಂಡ.

ಬಸುವಿಗೆ ಮಾತ್ರ ಏನೂ ಇರಲಿಲ್ಲ. ಗಡದ್ದಾಗಿ ಉಂಡ, ಹೊಟ್ಟೆ ಇಳಿಯಿತು, ಕೆನ್ನೆಗೆ ಬಣ್ಣ ಬಂತು. ಬಿಳಿ ಜುಬ್ಬ ಹಾಕಿಕೊಂಡು ಸಂಜೆ ಬೀದಿಯಲ್ಲಿ ವಾಸಣ್ಣನ ನಡಿಗೆಯಲ್ಲೇ ನಡೆಯುತ್ತಿದ್ದ. ಪಾಲು ಮಾಡಿದ ದಿನ ಅವನಿಗೆ ಪ್ರಜ್ಞೆ ಇರಲಿಲ್ಲವಲ್ಲ, ತನ್ನ ಪಾಲು ತಾನು ತಿಂದಿದ್ದೇನೆ, ಅದರ ತೂಕ ಇಷ್ಟೇ ಅಂದುಕೊಂಡಿದ್ದ. ನಿಜ ಹೇಳಬಾರದು ಅಂತ ಅಜ್ಜಿ ಊರಿಗೆಲ್ಲ ಕಟ್ಟು ಮಾಡಿದ್ದಳು. "ಮನಸ್ಸು ಮಾಡಿದ್ರೆ ಆಯ್ತಕ್ಕ. ಜನ ಸುಮ್ನೆ ದೊಡ್ಡದು ಮಾಡ್ತಾರೆ," ಅಂತ ಊಟದ ನಡುವೆ ಅವನು ಹೇಳಿದಾಗ ನನ್ನ ಕೈಯಲ್ಲಿದ್ದ ಸಾರಿನ ಸೌಟು ನಡುಗುತ್ತಿತ್ತು. ಅದನ್ನೇ ಅವನ ತಲೆಗೆ ಕುಟ್ಟೋಣ ಅನ್ನಿಸಿತು.

ಶಾಲೆಯಲ್ಲಿ ಅವನಿಗೆ ಸನ್ಮಾನ ಇಟ್ಟರು. ಹಾಲಪ್ಪ ಮೇಷ್ಟ್ರದೇ ಅಧ್ಯಕ್ಷತೆ. ಅವರು ಹಾರವನ್ನು ಅವನ ಕೊರಳಿಗೆ ಹಾಕಲು ಹೋಗಿ ನಡುಗುವ ಕೈಯಲ್ಲಿ ಎರಡು ಸಲ ಕಿವಿಗೆ ಸಿಕ್ಕಿಸಿದರು. ಬಸು ಮೈಕಿನ ಮುಂದೆ ನಿಂತು ಮನೋಬಲದ ಬಗ್ಗೆ ಮಾತಾಡಿದ. ಗಂಡಸಾದವನಿಗೆ ಛಲ ಇರಬೇಕು ಅಂದ. ಚಟಕ್ಕೆ ಬಲಿಯಾಗುವವರು ದುರ್ಬಲರು ಅಂದ. ಕೆಳಗೆ ಕೂತ ಊರು ಒಣಗಿದ ತುಟಿ ನೆಕ್ಕಿಕೊಳ್ಳುತ್ತಾ, ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಡುಕ ನಿಲ್ಲಿಸುತ್ತಾ, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿತು. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಡುಗುವ ಕೈಗಳ ಚಪ್ಪಾಳೆ ಬಹಳ ಹೊತ್ತು ನಿಲ್ಲುವುದಿಲ್ಲ ಅನ್ನುವುದನ್ನು ನಾನು ಆವತ್ತು ಕಂಡೆ.

ಅಷ್ಟರಲ್ಲಿ ತಾಲ್ಲೂಕಿನ ಸೀರೆ ಅಂಗಡಿಯವರೊಬ್ಬರು ಹೊಸ ಮಳಿಗೆಯ ಟೇಪು ಕತ್ತರಿಸಲು ಅವನನ್ನು ಕರೆದರು. ಕಾರು ಕಳಿಸಿದ್ದರು. ಹೋಗಬೇಡ ಅಂದೆ. ಮಗು ಥರ ನಕ್ಕ. ನಡೆದದ್ದನ್ನು ಆಮೇಲೆ ಅವನೇ ಹೇಳಿದ. ಊಟದ ಹೊತ್ತಿಗೆ ಯಾರೋ ಒಂದು ಗ್ಲಾಸು ಮುಂದಿಟ್ಟರು. ಬೇಕು ಅನ್ನಿಸಲೇ ಇಲ್ಲವಂತೆ, ಬೇಕು ಅನ್ನಿಸದ್ದರಿಂದಲೇ ತೆಗೆದುಕೊಂಡನಂತೆ. ಹೆದರುವಂಥದ್ದೇನಿದೆ, ಬೇಡವಾದಾಗ ಬಿಡಬಲ್ಲೆ, ಬಿಟ್ಟು ತೋರಿಸಿದ್ದೇನಲ್ಲ. ಒಂದಾಯಿತು. ಬಾಟಲಿ ಮುಗಿದದ್ದು ಅವನಿಗೆ ನೆನಪಿಲ್ಲ.

ನಮಗೆ ಮಾತ್ರ ಆ ಗಳಿಗೆ ಎಂದಿಗೂ ಮರೆಯುವಂಥದ್ದಲ್ಲ. ಅಷ್ಟು ದಿನ ಹೊತ್ತು ಹೊತ್ತು ಚೂರು ಸವೆದಿದ್ದ ಬಾಯಾರಿಕೆ ಒಮ್ಮೆಗೇ ಎರಡರಷ್ಟಾಗಿ ಎದ್ದಿತು. ಹಿಟ್ಟು ತುಂಬಿದ ಡಬ್ಬಿ ಹಿಡಿದಿದ್ದ ಹೆಂಗಸು ಡಬ್ಬಿಸಮೇತ ಕುಸಿದಳು. ನಾನು ಗಿರಣಿಯ ಕಂಬ ಹಿಡಿದುಕೊಂಡೆ. ಕುಡಿದ ಅನ್ನುವುದು ಯಾರೂ ಹೇಳದೆ ಎಲ್ಲರಿಗೂ ತಿಳಿಯಿತು. ಡಾಕ್ಟರ ಮಾತು ನೆನಪಾಯಿತು. ಆಗ ಬೀದಿಯಿಂದ ತಗಡು ಬಡಿಯುವ ಸದ್ದು ಬಂತು.

ಎರ್ರಿಸ್ವಾಮಿಯ ಅಂಗಡಿಯ ಷಟರನ್ನು ಹಾಲಪ್ಪ ಮೇಷ್ಟ್ರು ಎರಡೂ ಮುಷ್ಟಿಯಿಂದ ಬಡಿಯುತ್ತಿದ್ದರು. ಎಂದೂ ಚಹಾ ಕೂಡ ಕುಡಿಯದ ಮನುಷ್ಯ. ಅಂಗಿ ಗುಂಡಿ ಕಿತ್ತುಹೋಗಿತ್ತು. "ತೆಗಿಯೋ ಎರ್ರಿ, ಒಂದೇ ಒಂದು, ನಿನ್ ಕಾಲಿಗೆ ಬೀಳ್ತೀನಿ," ಅಂತ ಅಳುತ್ತಿದ್ದರು. ಎರ್ರಿಸ್ವಾಮಿ ಬೀಗದ ಕೈ ಮೇಲೆ ಕೂತುಬಿಟ್ಟಿದ್ದ, ಅವನೂ ಅಳುತ್ತಿದ್ದ. ಶಾಲೆಯ ಮಕ್ಕಳೆಲ್ಲ ಗೇಟಿಗೆ ಅಂಟಿಕೊಂಡು ನೋಡುತ್ತಿದ್ದವು. ಸೀರೆ ಅಂಗಡಿಯ ಕಾರು ಬಂದು ನಿಂತದ್ದು ಶಾಲೆ ಬಿಡುವ ಹೊತ್ತಿಗೆ, ಅಷ್ಟರಲ್ಲಿ ಮೇಷ್ಟ್ರು ಬಡಿದು ಸೋತು ಷಟರಿಗೊರಗಿ ಕೂತಿದ್ದರು. ಬಸು ಹಾರ ಹಾಕಿಕೊಂಡೇ ಇಳಿದ. ಕಾಲು ನಿಲ್ಲುತ್ತಿರಲಿಲ್ಲ. ಎದುರಿಗಿದ್ದವರನ್ನು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಮೇಲೆ ಹಾರ ಕಿತ್ತು ಹಾಕಿ ಮೇಷ್ಟ್ರ ಪಕ್ಕ ನೆಲದ ಮೇಲೇ ಕೂತ.

ಮೇಷ್ಟ್ರು ಅವನ ಜುಬ್ಬದ ತೋಳು ಹಿಡಿದುಕೊಂಡರು. ಬೈಯುತ್ತಾರೆ ಅಂದುಕೊಂಡೆ. "ಬಸವ, ಇದು ನಿಂಗೆ ದಿನಾ ಬರ್ತಿತ್ತೇನೋ?" ಅಂತ ಕೇಳಿದರು.

"ಹೌದು ಮೇಷ್ಟ್ರೇ."

"ಇದನ್ನ ಮೈಯಲ್ಲಿಟ್ಕೊಂಡು ಅಷ್ಟುದ್ದುದ್ದ ಮಾತು ಹೆಂಗೋ ಹೇಳ್ತಿದ್ದೆ? ಒಂದಕ್ಷರ ತಪ್ಪದ ಹಾಗೆ? ನನ್ ಕೈಲಿ ಮಗ್ಗಿ ಹೇಳೋಕಾಗ್ತಿಲ್ವಲ್ಲೋ."

ಅಷ್ಟು ವರ್ಷಗಳಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕಾಲಿಗೆ ಬಿದ್ದವರು ಕೇಳಿರಲಿಲ್ಲ, ಉಗಿದವರು ಕೇಳಿರಲಿಲ್ಲ, ಹೆತ್ತ ತಾಯಿಯಂತೆ ಸಾಕಿದ ನಾನೂ ಕೇಳಿರಲಿಲ್ಲ. ಬಸು ಮೇಷ್ಟ್ರ ಮಡಿಲಿಗೆ ತಲೆ ಇಟ್ಟು ಬಿಕ್ಕಿದ. ಸ್ವಲ್ಪ ಹೊತ್ತಾದ ಮೇಲೆ ಅವನು ಮುಖ ಎತ್ತಿದ. "ಅಕ್ಕ, ಆವತ್ತು ಮೊದಲ ಚೂರು ನಾನೇ ತಿಂದೆ ಅಲ್ವಾ?"

"ಇಲ್ಲ ಕಣೋ," ಅಂದೆ. "ನಿಂಗೆ ಕೊಡ್ಲೇ ಇಲ್ಲ."

ಅಮಲು ಇಳಿದ ಮೇಲೆ ಅವನು ಮಾಡಿದ ಮೊದಲ ಕೆಲಸ ಮನೆಮನೆಗೆ ಹೋಗಿ ಪಾಲು ವಾಪಸು ಕೇಳಿದ್ದು. ಮರಳಿಸುವುದು ಕಷ್ಟವೇನಲ್ಲ. ತಿಂದವರು ಹೊಸದೊಂದು ಬೆಲ್ಲದ ಚೂರನ್ನು ಎದೆಗೊತ್ತಿಕೊಂಡು ಒಡೆಯನಿಗೆ ತಿನ್ನಿಸಿದರಾಯಿತು. ಆದರೆ ಯಾರೂ ಕೊಡಲೊಲ್ಲರು. ನೀನು ಆರಾಮಾಗಿರು ವಾಸಣ್ಣ, ನಾವಿದೀವಲ್ಲ ಅಂದರು. ಕೆಳಗಿನ ಬೀದಿಯ ಒಬ್ಬಾಕೆಯಂತೂ ಕೈ ನಡುಗುತ್ತಿದ್ದರೂ ಮುಖ ಅರಳಿಸಿಕೊಂಡು, "ವಾಸಣ್ಣನ ಪಾಲು ನಮ್ಮನೇಲಿದೆ ಅಂತ ಮಗಳನ್ನ ನೋಡೋಕೆ ಬಂದೋರ ಮುಂದೂ ಹೇಳಿದೀವಿ, ಈಗ ಕೊಟ್ರೆ ಏನಂದ್ಕೊಂಡಾರು?" ಅಂದಳು. ತಿಪ್ಪಮ್ಮಜ್ಜಿ ಬಾಗಿಲನ್ನೇ ತೆಗೆಯಲಿಲ್ಲ. ಬಸು ಬರಿಗೈಯಲ್ಲಿ ತಿರುಗಿ ಬಂದ. ಬಂದವನ ಕಣ್ಣಲ್ಲಿ ಮತ್ತೆ ಅರಿಸಿನ ಇಣುಕಿತ್ತು. ಬೇಕು ಅನ್ನಿಸದವನಿಗೆ ಬೇಡ ಅನ್ನುವುದು ಹೇಗೆ ಗೊತ್ತಾಗಬೇಕು? ಇನ್ನೊಂದು ಕಾರು ಬರುತ್ತದೆ, ಇನ್ನೊಂದು ಗ್ಲಾಸು ಬರುತ್ತದೆ, ಇವನು ನಗುತ್ತಲೇ ಕುಡಿದು ಸಾಯುತ್ತಾನೆ ಅನ್ನುವುದು ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಅವನಿಗೂ ಆಗಿತ್ತು.

ಸಂತೆಯ ಹಿಂದಿನ ದಿನ ಗಿರಣಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆವತ್ತು ಬಸು ನನಗೆ ಹೇಳಿ ಗಿರಣಿ ನಿಲ್ಲಿಸಿದ. ಸದ್ದು ನಿಂತಾಗ ಜನ ಅವನತ್ತ ನೋಡಿದರು. ಅವನು ಜುಬ್ಬ ಹಾಕಿರಲಿಲ್ಲ, ನನ್ನ ಹಳೆಯ ಟವೆಲ್ಲು ಸುತ್ತಿಕೊಂಡು ಹಿಟ್ಟು ಮೆತ್ತಿದ ಬನಿಯನ್ನಿನಲ್ಲಿದ್ದ. ಮೈಕಿನ ಮುಂದೆ ಗುಡುಗುವ ಗಂಟಲು ಆವತ್ತು ಸರಿಯಾಗಿ ಏಳಲೇ ಇಲ್ಲ.

"ನಾನು ವಾಸಣ್ಣ ಅಲ್ಲ," ಅಂದ. "ವಾಸಣ್ಣ ಹಾಲು ಕುಡೀತಿದ್ದ. ನಾನು ಕುಡೀತಿದ್ದದ್ದು ಬೇರೆ. ನೀವು ಅವನಿಗೋಸ್ಕರ ತಿಂದ್ರಿ, ಬಂದಿದ್ದು ನಂದು. ನಿಮ್ಮ ಋಣ ತೀರಿಸೋಕೆ ಈ ಜನ್ಮ ಸಾಲಲ್ಲ. ಆದ್ರೆ ಅದು ನನ್ನ ಹತ್ರ ಸ್ವಲ್ಪಾನೂ ಇಲ್ದಿದ್ರೆ ನಾನು ಉಳಿಯಲ್ಲ. ನಾನು ಬದುಕಬೇಕು. ನಂದು ನಂಗೆ ಕೊಡಿ."

ಜೋಳದ ಚೀಲದ ಮೇಲೆ ಕೂತಿದ್ದ ಮೇಷ್ಟ್ರು ಎದ್ದು, ಕಿಸೆಯಿಂದ ಕಾಗದದಲ್ಲಿ ಸುತ್ತಿದ ಬೆಲ್ಲ ತೆಗೆದರು. ಎದೆಗೊತ್ತಿಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಅದನ್ನು ಹಲ್ಲಿನಿಂದ ಕಚ್ಚಿ ಎರಡು ಮಾಡಿ, ಒಂದನ್ನು ಬಸುವಿನ ಬಾಯಿಗಿಟ್ಟು ಇನ್ನೊಂದನ್ನು ತಾವೇ ನುಂಗಿದರು. "ಅರ್ಧ ಕೊಟ್ಟಿದೀನಿ. ಪೂರ್ತಿ ಕೊಡಲ್ಲ," ಅಂದರು. "ನಂದು ಮೇಷ್ಟ್ರ ಪಾಲು. ಅದನ್ನ ಕೇಳೋ ಹಕ್ಕು ನಿಂಗಿಲ್ಲ."

ಅದು ಎಲ್ಲರಿಗೂ ಸರಿಕಂಡಿತು. ಸಂಜೆಯವರೆಗೆ ಜನ ಬರುತ್ತಲೇ ಇದ್ದರು, ಅರ್ಧರ್ಧ ಕೊಟ್ಟು ಹೋದರು. ನಾನೂ ಕೊಟ್ಟೆ. ಮಗಳ ಮದುವೆಯ ಮಾತಾಡಿದ್ದ ಕೆಳಗಿನ ಬೀದಿಯಾಕೆ ಕೂಡ ಬಂದಳು, ಅರ್ಧ ಇಟ್ಟುಕೊಂಡರೂ ಇದೆ ಅಂತ ಹೇಳಬಹುದಲ್ಲ ಅಂತ ಕೇಳಿ ಖಾತ್ರಿ ಮಾಡಿಕೊಂಡಳು. ಎಲ್ಲರೂ ಹೋದ ಮೇಲೆ ತಿಪ್ಪಮ್ಮಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಆ ದಿನ ತಲೆ ಬಾಚಿಕೊಂಡಿರಲಿಲ್ಲ. "ತಪ್ಪು ನಂದು ಮಗಾ. ಎಲ್ಲಾರ ಕಷ್ಟಾನೂ ನೀನೇ ಹೊರ್ತಿದ್ದೆ ಅಲ್ಲಿ. ನಿಂಗೇ ಅಂತ ಒಂದು ಕಷ್ಟ ಇರ್ಬಾರ್ದು ಅಂತ ಆಸೆ ಬಿದ್ದೆ," ಅಂತ ಅವನ ಬಾಯಿಗೆ ಬೆಲ್ಲ ಇಟ್ಟಳು. ಇಟ್ಟ ಕೈಯನ್ನು ಅವನು ಬಿಡಲಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಂಚಿದ್ದೆಲ್ಲ ಅರ್ಧರ್ಧವಾಗಿ ಒಬ್ಬನೊಳಗೆ ಬಂದು ಸೇರಿತ್ತು. ಬಸು ಚೀಲ ಕಚ್ಚಿಕೊಂಡು ಒದ್ದಾಡಿದ, ನನ್ನನ್ನು ಬಾಯಿಗೆ ಬಂದದ್ದು ಬೈದ, ಬೈದು ಕಾಲು ಹಿಡಿದ. ನಾನು ಅವನಿಗೆ ಗಿರಣಿಯ ಕೆಲಸ ಹಚ್ಚಿದೆ. ಹಿಟ್ಟು ಜರಡಿ ಹಿಡಿಯುವುದಕ್ಕೆ ಕೈ ನಡುಗಿದರೆ ಒಳ್ಳೆಯದೇ ಅಂತ ಗೇಲಿ ಮಾಡಿದೆ, ಮೊದಲ ಸಲ ನಕ್ಕ. ಒಂದು ದಿನ ಮಾತಾಡದೆ ಎದ್ದು ಎರ್ರಿಸ್ವಾಮಿಯ ಅಂಗಡಿಯ ಕಡೆ ನಡೆದ. ನಾನು ಹಿಂದೆಯೇ ಓಡಿದೆ. ಎರ್ರಿಸ್ವಾಮಿ ಏನೂ ಕೇಳದೆ ಬಾಳೆಹಣ್ಣಿನ ಗಾಡಿಯ ಪಕ್ಕ ಇನ್ನೊಂದು ಸ್ಟೂಲು ಹಾಕಿದ. ಅದು ಇಳಿಯುವವರೆಗೆ ಇಬ್ಬರೂ ಪಕ್ಕಪಕ್ಕ ಕೂತಿದ್ದರು.

ಅವನನ್ನು ಉಳಿಸಿದ್ದು ಆಟದ ಗಂಟೆಯ ಹೊತ್ತು. ಆ ಹೊತ್ತಿಗೆ ಅವನು ಗಿರಣಿಯ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದ. ಎದುರಿಗೆ, ಮತ್ತೆ ಅಂಗಡಿ ತೆರೆದಿದ್ದ ಕ್ಷೌರದವನು ಕತ್ತಿಯನ್ನು ಗಿರಾಕಿಯ ಗಲ್ಲದಿಂದ ಎತ್ತಿ ಹಿಡಿದು ನಿಂತಿರುತ್ತಿದ್ದ. ಅಂಚೆಯ ಹುಡುಗಿ ಸೈಕಲ್ಲಿನಿಂದ ಇಳಿದು ಹ್ಯಾಂಡಲ್ಲು ಬಿಗಿಹಿಡಿದಿರುತ್ತಿದ್ದಳು. ಶಾಲೆಯ ವರಾಂಡದಿಂದ ಮೇಷ್ಟ್ರು ಒಂದು ಕೈ ಎತ್ತುತ್ತಿದ್ದರು. ಹೇಗಿದ್ದೀಯ ಅಂತ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಎಲ್ಲರೂ ಒಂದೊಂದು ಲೋಟ ನೀರು ಕುಡಿದು ತಮ್ಮ ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು. "ಅಷ್ಟು ಜನ ನಿಂತಿರೋವಾಗ ನಾನೊಬ್ಬ ಹೋಗಿ ಹೆಂಗೆ ಬೀಳ್ಲಿ ಅಕ್ಕ," ಅಂದ ಒಮ್ಮೆ. ನಾನು ಹಿಟ್ಟಿನ ಕೈಯಲ್ಲೇ ಅವನ ತಲೆ ನೇವರಿಸಿ, ಊರಿನ ಕಡೆ ತಿರುಗಿ ಮನಸ್ಸಿನಲ್ಲೇ ಕೈ ಮುಗಿದೆ. ಈಗಲೂ ಮುಗಿಯುತ್ತೇನೆ. ಇವರಲ್ಲಿ ಒಬ್ಬೊಬ್ಬರ ಜೊತೆಯೂ ನಾನು ಜಗಳವಾಡಿದ್ದೇನೆ, ಮುಂದೆಯೂ ಆಡುತ್ತೇನೆ. ಆದರೆ ಎಂದೂ ಕುಡಿಯದ ಜನ ನನ್ನ ತಮ್ಮನ ಬಾಯಾರಿಕೆಯನ್ನು ತಮ್ಮ ಗಂಟಲಲ್ಲಿ ಇಟ್ಟುಕೊಂಡರಲ್ಲ, ಅದನ್ನು ಯಾವ ಬಾಯಿಂದ ಹೊಗಳಲಿ?

ಎರಡು ಮಳೆಗಾಲ ಕಳೆದ ಮೇಲೆ ಡೇವಿಡ್ ಫೋನು ಮಾಡಿ, ಸಣ್ಣದೊಂದು ಪಾತ್ರವಿದೆ ಅಂದ. ಹೀರೋನ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟವನ ಪಾತ್ರ, ಕಂತಿಗೆ ನಾಲ್ಕು ಮಾತು. ಬಸು ಬೆಳಗಿನ ಬಸ್ಸಿಗೆ ಹೊರಟ. ಊರಿನವರು ಹಾರ ತರಲಿಲ್ಲ, ಬುತ್ತಿ ತಂದಿದ್ದರು. ಅವನು ಅಲ್ಲಿ ಹೇಗಿದ್ದಾನೆ ಅನ್ನುವುದನ್ನು ತಿಳಿಯಲು ನಮಗೆ ಫೋನು ಬೇಕಾಗಿರಲಿಲ್ಲ. ದಿನವೂ ಆ ಹೊತ್ತಿಗೆ ನಾಲಿಗೆ ಒಣಗುತ್ತಿತ್ತು. ಎರಡರಷ್ಟಾಗದೆ ತನ್ನ ಅಳತೆಯಲ್ಲೇ ಬಂದು ಹೋಗುತ್ತಿತ್ತು. ಅಂದರೆ ಕುಡಿದಿಲ್ಲ, ಅಂದರೆ ಬದುಕಿದ್ದಾನೆ. ನಾನು ನೀರು ಕುಡಿದು ಬೆಲ್ಟು ಹಾಕುತ್ತಿದ್ದೆ. ಹೀಗೆ ವರ್ಷವೇ ಕಳೆಯಿತು.

ಒಂದು ದಿನ ಅದು ಬರಲಿಲ್ಲ. ಆಟದ ಗಂಟೆ ಹೊಡೆಯಿತು, ಮಕ್ಕಳು ಕೂಗಾಡಿ ಒಳಗೆ ಹೋದವು, ನನ್ನ ನಾಲಿಗೆ ಒದ್ದೆಯಾಗಿಯೇ ಇತ್ತು. ಹೊರಗೆ ಬಂದೆ. ಕ್ಷೌರದವನು ಬರಿಗೈಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಮೇಷ್ಟ್ರು ಚಪ್ಪಲಿಯಿಲ್ಲದೆ ಓಡಿ ಬಂದರು. ತಿಪ್ಪಮ್ಮಜ್ಜಿಯನ್ನು ಇಬ್ಬರು ಹಿಡಿದು ತಂದರು. ಒಡೆಯ ಸತ್ತರೆ ಪಾಲು ಅಲ್ಲಿಗೇ ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಬಾಯಾರಿಕೆಯಾಗಲಿ ಅಂತ ಒಂದು ಊರಿಗೆ ಊರೇ ಕಾದದ್ದು ಅದೇ ಮೊದಲಿರಬೇಕು. ನಾನು ಫೋನು ಒತ್ತಿದೆ, ಒತ್ತುತ್ತಲೇ ಇದ್ದೆ. ಅವನು ತೆಗೆಯಲಿಲ್ಲ. ಡೇವಿಡ್ ಕೂಡ ತೆಗೆಯಲಿಲ್ಲ. ಎರ್ರಿಸ್ವಾಮಿ ಸ್ಟೂಲು ತಂದು ನನ್ನನ್ನು ಕೂರಿಸಿದ. ಅವನನ್ನು ಕರೆದೊಯ್ದ ಬಸ್ಸನ್ನು, ಕಳಿಸಿದ ನನ್ನನ್ನು, ಮನಸ್ಸಿನಲ್ಲೇ ಎಷ್ಟು ಶಪಿಸಿದೆನೋ.

ಹೊತ್ತು ಇಳಿಯುವಾಗ ಫೋನು ಹೊಡೆದುಕೊಂಡಿತು.

"ಏನಕ್ಕ ಇಷ್ಟೊಂದ್ ಸಲ ಮಾಡಿದೀಯ? ಶಾಟ್‌ನಲ್ಲಿದ್ದೆ. ಆರಾಮ ಇದೀಯ?"

ನನ್ನ ದೊಡ್ಡ ಗಂಟಲು ಎಲ್ಲಿ ಹೋಯಿತೋ. ಮೇಷ್ಟ್ರೇ ಫೋನು ಇಸಿದುಕೊಂಡು ಸ್ಪೀಕರ್ ಹಾಕಿದರು. "ಬಸವ, ಇವತ್ತು ನಮಗ್ಯಾರಿಗೂ ಅದು ಬರ್ಲಿಲ್ಲ ಕಣೋ."

ಆ ಕಡೆಯಿಂದ ಬಸು ನಿಧಾನವಾಗಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಇವತ್ತು ಒಂದು ಸೀನಿತ್ತು ಮೇಷ್ಟ್ರೇ. ಸುಮ್ನೆ ಇಸ್ತ್ರಿ ಮಾಡ್ತಾ ಪಕ್ಕದ ಮನೆಯೋರ ಜೊತೆ ಮಾತಾಡೋದು. ಏನೋ, ಚೆನ್ನಾಗ್ ಬಂತು. ಬೆಳಿಗ್ಗೆಯಿಂದ ಅದರಲ್ಲೇ ಇದ್ದೆ. ನಂಗೂ ನೆನಪೇ ಆಗಿಲ್ಲ. ನೀವು ಹೇಳಿದ ಮೇಲೇ ಗೊತ್ತಾಗ್ತಿರೋದು."

ತಿಪ್ಪಮ್ಮಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕ್ಷೌರದವನು ಮೇಷ್ಟ್ರನ್ನು ಅಪ್ಪಿಕೊಂಡ. ನಾನು ಎದ್ದು ಹೋಗಿ, ಯಾರೂ ಕಾಯುತ್ತಿರದಿದ್ದರೂ, ಗಿರಣಿ ಹಾಕಿದೆ. ಆ ಸದ್ದಿನಲ್ಲಿ ನನ್ನ ಅಳು ಯಾರಿಗೂ ಕೇಳದಿರಲಿ ಅಂತ.

ಮರುದಿನ ಆಟದ ಗಂಟೆಯ ಹೊತ್ತಿಗೆ ಬೆಲ್ಟು ಬಿಚ್ಚಿ ಮೆಟ್ಟಿಲ ಮೇಲೆ ನಿಂತೆ. ಬೀದಿಯಲ್ಲಿ ಎಲ್ಲರೂ ನಿಂತಿದ್ದರು. ಸ್ವಲ್ಪ ತಡವಾಗಿ, ತುಂಬ ತೆಳುವಾಗಿ, ನಾಲಿಗೆಯ ಬುಡದಲ್ಲಿ ಅದು ಬಂತು.

"ಬಂತಾ ನೀಲಕ್ಕ?" ಅಂತ ಎರ್ರಿಸ್ವಾಮಿ ಗಾಡಿಯ ಕಡೆಯಿಂದ ಕೇಳಿದ.

"ಬಂತು," ಅಂದೆ. "ನಿಂಗೆ?"

"ಬಂತು. ಸಣ್ಣದು."

ನಾವು ನೀರು ಕುಡಿದೆವು. ಅಲ್ಲಿ ಅವನೂ ನೀರೇ ಕುಡಿಯುತ್ತಿದ್ದ.